ಹಾಸಿಗೆಯ ಬಳಿ ಸಭಾಪಾಲಕ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಗದಗದ ಬೆಟಗೇರಿಯಲ್ಲಿ 1841ರಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಆ ಮಿಶನ್ನಿನ ಶಾಲೆಗಳನ್ನೂ 1894ರಲ್ಲಿ ಹೊರಬಂದ ಕಿಟೆಲ್ ಅವರ ನಿಘಂಟನ್ನೂ ಈ ಭಾಗದ ಜನ ಜಾತಿ ಮತಗಳ ಎಣಿಕೆಯಿಲ್ಲದೆ ನೆನೆಯುತ್ತಾರೆ. ಆದರೆ ಬೇನೆ ಬಿದ್ದವರ ಹತ್ತಿರ, ಸಾವಾದ ಮನೆಯಲ್ಲಿ, ಸಭಾಪಾಲಕರು, ಅಂದರೆ ಕ್ರೈಸ್ತ ಸಭೆಯ ಪಾಸ್ಟರರು, ಹೋಗಿ ಕೂಡುವ ಕೆಲಸವೊಂದು ಇದೆ. ಅದನ್ನು ಅಷ್ಟಾಗಿ ಯಾರೂ ಬರೆದಿಡಲಿಲ್ಲ. 1876ರಿಂದ 1878ರವರೆಗಿನ ದೊಡ್ಡ ಬರವನ್ನೂ, 1898ರಲ್ಲಿ ಹುಬ್ಬಳ್ಳಿಯನ್ನು ಹಿಂಡಿದ ಪ್ಲೇಗನ್ನೂ ಕಂಡ ಈ ನೆಲದಲ್ಲಿ ಆ ಕೆಲಸಕ್ಕೆ ಬಿಡುವೆಂಬುದು ಇದ್ದಿರಲಾರದು. ನಮ್ಮ ಕಾಲದಲ್ಲಿ ಅದು ಹೇಗೆ ನಡೆಯಬೇಕು ಎಂಬುದನ್ನು, ಸಭಾಪಾಲನೆಯಲ್ಲಿರುವ ನಾನು, ಈ ಹೊತ್ತು ತಮ್ಮೆದುರು ಇಡಲು ಬಯಸುತ್ತೇನೆ.

ಈಗ ಹಾಸಿಗೆ ಮನೆಯಲ್ಲಿರುವುದು ಕಡಿಮೆ. ರಾಣೆಬೆನ್ನೂರು, ಶಿಗ್ಗಾಂವಿ, ಮುಂಡರಗಿಯಿಂದ ರೋಗಿಗಳು ಹುಬ್ಬಳ್ಳಿಯ ದೊಡ್ಡ ದವಾಖಾನೆಗಳಿಗೆ ಬರುತ್ತಾರೆ; ಭೇಟಿಯ ವೇಳೆ ಸಂಜೆಯ ಒಂದಿಷ್ಟು ಹೊತ್ತು ಮಾತ್ರ. ಅಷ್ಟರಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ ಓದಿ, ಪ್ರಾರ್ಥನೆ ಮಾಡಿ, ಮುಂದಿನ ವಾರ್ಡಿಗೆ ನಡೆಯುವುದು ನಮಗೆ ರೂಢಿಯಾಗಿದೆ. ವೇಳೆಯ ಕೊರತೆ ದೊಡ್ಡ ತೊಂದರೆಯೇ. ಆದರೆ ಅದಕ್ಕಿಂತ ದೊಡ್ಡ ತೊಂದರೆ ಹಾಸಿಗೆಯ ಬಳಿ ನಿಂತವರ ಬಾಯಲ್ಲಿ ಉತ್ತರ ಮೊದಲೇ ಸಿದ್ಧವಾಗಿರುವುದು ಎಂದು ನಾನು ತಿಳಿದಿದ್ದೇನೆ.

ತೀವ್ರ ನಿಗಾ ಘಟಕದ ಹೊರಗಿನ ಓಣಿಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದ ತಾಯಿಯೊಬ್ಬರನ್ನು ನಾನು ಕಂಡಿದ್ದೆ. ಊರಿನಿಂದ ಕಟ್ಟಿಕೊಂಡು ಬಂದ ರೊಟ್ಟಿಯ ಗಂಟು ಬಿಚ್ಚದೆ ಪಕ್ಕದಲ್ಲಿತ್ತು. ಔಷಧದ ಚೀಟಿಗಳನ್ನೆಲ್ಲ ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಒಳಗೆ, ಬೈಕಿನಿಂದ ಬಿದ್ದ ಮಗ. “ನನ್ನ ಮಗಗ ಹಿಂಗ್ಯಾಕ ಆತ್ರೀ ಪಾಸ್ಟರ್? ನಾವೇನ್ ತಪ್ಪ ಮಾಡಿದ್ವಿ?” ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮುನ್ನವೇ, ಅವರನ್ನು ನೋಡಲು ಬಂದಿದ್ದ ಬಂಧುವೊಬ್ಬರು, “ದೇವರ ಚಿತ್ತ ಅಕ್ಕಾ, ನಂಬಿಕಿ ಗಟ್ಟಿ ಇಟ್ಕೋ” ಎಂದರು. ಆ ಮಾತಿನಲ್ಲಿ ಕೆಡುಕಿನ ಉದ್ದೇಶ ಕಿಂಚಿತ್ತೂ ಇರಲಿಲ್ಲ. ಆದರೂ ಆ ತಾಯಿ ಸೆರಗಿನ ಗಂಟನ್ನು ಇನ್ನಷ್ಟು ಬಿಗಿಹಿಡಿದು ಮಾತು ನಿಲ್ಲಿಸಿಬಿಟ್ಟರು. ತಮ್ಮ ಪ್ರಶ್ನೆಯೇ ಅವಿಶ್ವಾಸವೆಂದು ಅವರಿಗೆ ಅನ್ನಿಸಿರಬೇಕು.

ಅವರು ಕೇಳಿದ ಪ್ರಶ್ನೆ ಸುವಾರ್ತೆಯೊಳಗೇ ಇದೆ. ಯೋಹಾನನು ಬರೆದ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ, ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳುತ್ತಾರೆ. ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಯೇಸು ಹೇಳುತ್ತಾನೆ. ಇಷ್ಟು ನೇರವಾದ ಮಾತು ಸತ್ಯವೇದದಲ್ಲಿರುವಾಗ, ಕಾಯಿಲೆಯ ಹಿಂದೆ ಪಾಪವನ್ನು ಹುಡುಕುವ ಬೋಧನೆಯೂ, ನಂಬಿಕೆ ಸಾಕಷ್ಟಿದ್ದರೆ ರೋಗ ಉಳಿಯದೆಂದು ಟಿವಿಯಲ್ಲಿ, ಮೊಬೈಲಿನಲ್ಲಿ ಹಗಲಿರುಳು ಹರಿದು ಬರುವ ಪ್ರಸಂಗವೂ ನಮ್ಮ ಮನೆಗಳಲ್ಲಿ ಹೇಗೆ ಬೇರೂರಿದವು ಎಂದು ನನಗೆ ನೋವಾಗುತ್ತದೆ. ಗುಣವಾಗಲೆಂದು ಪ್ರಾರ್ಥಿಸುವುದು ಸಭೆಯ ಕರ್ತವ್ಯ; ಸತ್ಯವೇದದಲ್ಲಿರುವ ಯಾಕೋಬನ ಪತ್ರಿಕೆ ಅದನ್ನು ಸಭೆಯ ಹಿರಿಯರಿಗೇ ಒಪ್ಪಿಸಿದೆ. ಗುಣವಾಗದಿದ್ದಾಗ ಆ ಹೊಣೆಯನ್ನು ರೋಗಿಯ ನಂಬಿಕೆಯ ಮೇಲೆ ಹೊರಿಸುವುದು ಮಾತ್ರ ಕ್ರೌರ್ಯ.

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ರೋಗಕ್ಕೆ ಬಿದ್ದ ಯೋಬನ ಹೆಸರಿನ ಪುಸ್ತಕವೊಂದು ಸತ್ಯವೇದದಲ್ಲಿದೆ; ಅವನ ಗೆಳೆಯರ ಕಥೆ ಇಲ್ಲಿ ನಮಗೆ ದಾರಿ ತೋರುತ್ತದೆ. ಅವರು ಬಂದು, ಅವನ ಸಂಕಟದ ಅಳತೆಯನ್ನು ಕಂಡು, ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಆಮೇಲೆ ಬಾಯಿ ತೆರೆದು ದೇವರ ಪರವಾಗಿ ವಾದಿಸತೊಡಗಿದರು. ಪುಸ್ತಕದ ಕೊನೆಯಲ್ಲಿ ದೇವರು ಕೋಪಗೊಳ್ಳುವುದು ತನ್ನನ್ನು ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಈ ಗೆಳೆಯರ ಮೇಲೆ. ಹಾಸಿಗೆಯ ಬಳಿ ಹೋಗುವ ಪ್ರತಿಯೊಬ್ಬರೂ ಹೊರಡುವ ಮುಂಚೆ ಈ ಭಾಗವನ್ನು ಓದಬೇಕೆಂಬುದು ನನ್ನ ಆಸೆ.

ಹಾಗಾದರೆ ಸುಮ್ಮನಿರುವುದಷ್ಟೇ ಸಾಕೇ? ಸಾಲದು. ನೊಂದವರಿಗೆ ಪ್ರಾರ್ಥಿಸಲು ಮಾತು ಬೇಕು, ಆ ಮಾತು ಸತ್ಯವೇದದಲ್ಲಿ ಧಾರಾಳವಾಗಿದೆ. ಅದರಲ್ಲಿ ಕೀರ್ತನೆಗಳೆಂಬ ಪ್ರಾರ್ಥನೆಯ ಹಾಡುಗಳು ನೂರೈವತ್ತಿವೆ; ಮೂರರಲ್ಲೊಂದು ಪಾಲಿನಷ್ಟು ಪ್ರಲಾಪದವು, ಅಂದರೆ ದೇವರ ಮುಂದೆ ಗೋಳಿಡುವಂಥವು. ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ ಎಂದು ಹದಿಮೂರನೆಯ ಕೀರ್ತನೆ ಕೇಳುತ್ತದೆ. ಎಂಬತ್ತೆಂಟನೆಯದಂತೂ ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಯಾಕೆ ಕೈಬಿಟ್ಟೆ ಎಂಬ ಇಪ್ಪತ್ತೆರಡನೆಯ ಕೀರ್ತನೆಯ ಕೂಗನ್ನು ಶಿಲುಬೆಯ ಮೇಲೆ ಯೇಸುವೇ ಕೂಗಿದನು. ಆ ತಾಯಿಯ “ಯಾಕ” ಎಂಬ ಪ್ರಶ್ನೆಗೆ ಕ್ರಿಸ್ತನ ಬಾಯಲ್ಲೇ ಜಾಗವಿದೆ ಎಂದ ಮೇಲೆ ಅದನ್ನು ಅವಿಶ್ವಾಸವೆಂದು ಯಾರು ಕರೆಯಬಲ್ಲರು?

ಕಳೆದ ಶತಮಾನದ ಜರ್ಮನ್ ದೇವಶಾಸ್ತ್ರಜ್ಞ ಯೂರ್ಗನ್ ಮೋಲ್ಟ್‌ಮನ್ ಅವರ ಚಿಂತನೆಯೆಲ್ಲ ಈ ಕೂಗಿನಿಂದಲೇ ಹುಟ್ಟಿತು. 1943ರ ಜುಲೈನಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಬಾಂಬುಗಳು ಸುರಿದಾಗ ಹದಿನೇಳರ ಹುಡುಗನಾಗಿದ್ದ ಅವರ ಪಕ್ಕದಲ್ಲೇ ನಿಂತಿದ್ದ ಗೆಳೆಯ ಸತ್ತ, ಅವರು ಉಳಿದರು. ಮುಂದೆ ಯುದ್ಧಕೈದಿಯಾಗಿದ್ದಾಗ, ಸೇನೆಯ ಪಾದ್ರಿಯೊಬ್ಬರು ಕೊಟ್ಟ ಸತ್ಯವೇದದಲ್ಲಿ ಪ್ರಲಾಪದ್ದೇ ಆದ ಮೂವತ್ತೊಂಬತ್ತನೆಯ ಕೀರ್ತನೆಯನ್ನೂ, ಮಾರ್ಕನು ಬರೆದ ಶಿಲುಬೆಯ ಆ ಕೂಗನ್ನೂ ಓದಿ, ತನ್ನನ್ನು ಅರ್ಥಮಾಡಿಕೊಳ್ಳುವವನು ಇಲ್ಲಿ ಒಬ್ಬನಿದ್ದಾನೆ ಎಂದು ಅವರಿಗೆ ಅನ್ನಿಸಿತು. ದೇವರು ನಮ್ಮ ಸಂಕಟವನ್ನು ದೂರದಿಂದ ನೋಡುವವನಲ್ಲ, ಕ್ರಿಸ್ತನಲ್ಲಿ ಅದರೊಳಗೆ ಬಂದು ಅದನ್ನು ಅನುಭವಿಸಿದವನು ಎಂಬ ಮಾತನ್ನು ಅವರು 2024ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ವಾರ್ಡಿನಲ್ಲಿ ನನಗೆ ನಿಲ್ಲಲು ನೆಲ ಕೊಡುವ ದೇವಶಾಸ್ತ್ರ ಇದು.

ಆ ದಿನ ಓಣಿಯಲ್ಲಿ ನಾನು ಆ ತಾಯಿಯ ಪಕ್ಕ ಕುಳಿತು ಹದಿಮೂರನೆಯ ಕೀರ್ತನೆಯನ್ನು ನಿಧಾನವಾಗಿ ಓದಿದೆ. “ಇದು ಬೈಬಲ್‌ನ್ಯಾಗ ಐತೇನ್ರೀ?” ಎಂದು ಕೇಳಿ, ಇನ್ನೊಮ್ಮೆ ಓದಿಸಿಕೊಂಡರು.

ಆ ಪ್ರಶ್ನೆಗೆ ಉತ್ತರಿಸಬೇಕಾದವರು ನಾವು, ಸಭೆಯವರು. ಸುಗ್ಗಿ ಹಬ್ಬದಲ್ಲಿ ಸ್ತುತಿಯ ಕೀರ್ತನೆಗಳನ್ನು ಗಟ್ಟಿಯಾಗಿ ಹಾಡುವ ನಾವು, ಮಳೆ ಕೈಕೊಟ್ಟು ಮೆಣಸಿನಕಾಯಿ, ಹತ್ತಿ ಒಣಗಿದ ವರ್ಷ ಪ್ರಲಾಪದ ಕೀರ್ತನೆಯನ್ನು ಆರಾಧನೆಯಲ್ಲಿ ಓದುವುದು ವಿರಳ. ಸಾಲದ ಭಾರ ಹೊತ್ತ ರೈತ ಅದೇ ಬೆಂಚಿನ ಮೇಲೆ ಕುಳಿತಿರುತ್ತಾನೆ, ಅವನ ಮನಸ್ಸಿನ ಮಾತು ಸಭೆಯ ಬಾಯಲ್ಲಿ ಬರುವುದೇ ಇಲ್ಲ. ತಿಂಗಳಿಗೊಂದು ಭಾನುವಾರವಾದರೂ ಇಂಥ ಕೀರ್ತನೆಯೊಂದನ್ನು ಎಲ್ಲರೂ ಕೂಡಿ ಓದುವ ರೂಢಿಯನ್ನು ನಮ್ಮ ಸಭೆಗಳು ಹಾಕಿಕೊಳ್ಳಬೇಕು. ಆರೋಗ್ಯವಾಗಿದ್ದಾಗ ಕಲಿತ ಮಾತು ಹಾಸಿಗೆ ಹಿಡಿದಾಗ ನಾಲಿಗೆಗೆ ಬರುತ್ತದೆ.

ಇನ್ನೊಂದು ವಿಷಯ, ಸಾವಿನ ನಂತರದ ದಿನಗಳದು. ಮಣ್ಣಿನ ದಿನ ಮನೆತುಂಬ ಜನ, ವಾಟ್ಸ್ಆ್ಯಪ್ ತುಂಬ ವಚನಗಳು. ಮೂರು ತಿಂಗಳಾಗುವ ಹೊತ್ತಿಗೆ ಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ. ದುಃಖ ನಿಜವಾಗಿ ಮೈಮೇಲೆ ಬರುವುದು ಆಗಲೇ. ಮಣ್ಣು ಮಾಡಿದವರ ಹೆಸರು, ತಾರೀಖುಗಳನ್ನು ಬರೆದಿಡುವ ರಿಜಿಸ್ಟರ್ ಪ್ರತಿ ಸಭೆಯಲ್ಲೂ ಇರುತ್ತದೆ. ಸಭಾಪಾಲಕರೂ ಸ್ತ್ರೀ ಸಂಘದವರೂ ತಿಂಗಳ ಮೊದಲ ವಾರ ಅದನ್ನು ತೆರೆದು, ಮೂರು ತಿಂಗಳ ಹಿಂದಿನ ಪುಟದಲ್ಲಿರುವ ಮನೆಗಳನ್ನು ಗುರುತು ಮಾಡಿಕೊಂಡು, ಇಬ್ಬಿಬ್ಬರಾಗಿ ಹೋಗಿ, ತೀರಿಕೊಂಡವರ ಹೆಸರನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳಿ, ಅವರ ಬಗ್ಗೆ ಮನೆಯವರು ಮಾತಾಡುವಷ್ಟು ಹೊತ್ತು ಕೂಡಲಿ ಎಂದು ಈ ಭಾಗದ ಸಭೆಗಳನ್ನು ನಾನು ಕೇಳಿಕೊಳ್ಳುತ್ತೇನೆ.