ದೇಶಕ್ಕೆ ಮಾರ್ಕ್ಸ್ ಕಾರ್ಡ್ ಕೇಳಬೇಡಿ

ನಮಸ್ಕಾರ, ಮಂಗಳೂರಿನಿಂದ ಮತ್ತೆ ನಾನು. ಇವತ್ತು ಮೀನುಗಾರಿಕೆ ದೋಣಿಗಳ ಬಗ್ಗೆ ಮಾತಾಡುವುದು ಅಂತ ಇತ್ತು. ಬೇಕಾದ್ದೆಲ್ಲ ಬರೆದೂ ಇಟ್ಟಿದ್ದೆ. ಪಕ್ಕಕ್ಕಿಟ್ಟೆ. ಒಂದು ಕಾಮೆಂಟ್ ಎರಡು ದಿನದಿಂದ ನನ್ನನ್ನು ಸರಿಯಾಗಿ ಮಲಗಲಿಕ್ಕೆ ಬಿಟ್ಟಿಲ್ಲ ಮಾರಾಯ್ರೇ.

ಆಗಸ್ಟ್ 15ಕ್ಕೆ ಒಂದು ಸಣ್ಣ ವಿಡಿಯೋ ಹಾಕಿದ್ದೆ. ಶಾಲೆಯ ಅಂಗಳ, ಜಡಿ ಮಳೆ, ಕೊಡೆ ಹಿಡಿದ ಮಕ್ಕಳು, ಒದ್ದೆಯಾಗಿ ಕಂಬಕ್ಕೆ ಅಂಟಿಕೊಂಡ ಬಾವುಟ. ‘ನನಗೆ ಈ ದೇಶದ ಬಗ್ಗೆ ಹೆಮ್ಮೆ ಉಂಟು’ ಅಂದಿದ್ದೆ. ಅಷ್ಟೇ. ಕೆಳಗೆ ಒಬ್ಬರು ಬರೆದಿದ್ದಾರೆ: ‘ಅಣ್ಣ, ನಾನು ದುಬೈಯಲ್ಲಿದ್ದೇನೆ. ಇಲ್ಲಿಯ ರಸ್ತೆ ನೋಡಿ, ಅಲ್ಲಿಯ ರಸ್ತೆ ನೋಡಿ. ಹೆಮ್ಮೆ ಪಡಲಿಕ್ಕೆ ಎಂತ ಉಂಟು ಅಲ್ಲಿ?’ ಅದಕ್ಕೆ ಲೈಕ್ ಮೇಲೆ ಲೈಕ್.

ಎಂತ ಉಂಟು ಅಂತ ಹೇಳ್ತೇನೆ, ಕೂತ್ಕೊಳ್ಳಿ.

ನಮ್ಮದು ಬುದ್ಧಿವಂತರ ಜಿಲ್ಲೆ ಅಂತ ಹೆಸರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಉಡುಪಿ ಮೇಲಾ, ದಕ್ಷಿಣ ಕನ್ನಡ ಮೇಲಾ ಅಂತ ಮನೆ ಮನೆಯಲ್ಲಿ ಅದೇ ಮಾತು. ಆ ಅಭ್ಯಾಸ ತಲೆಗೆ ಎಷ್ಟು ಹತ್ತಿದೆ ಅಂದರೆ ದೇಶಕ್ಕೂ ಮಾರ್ಕ್ಸ್ ಹಾಕ್ತೇವೆ. ರಸ್ತೆಗೆ ಇಷ್ಟು, ಆಸ್ಪತ್ರೆಗೆ ಇಷ್ಟು, ಕಸಕ್ಕೆ ಸೊನ್ನೆ. ಕೂಡಿಸಿದಾಗ ಪಾಸ್ ಮಾರ್ಕ್ಸ್ ಬರಲಿಲ್ಲ, ಫೇಲ್. ಇನ್ನು ಹೆಮ್ಮೆ ಪಡುವ ಹಾಗಿಲ್ಲ. ಹೆಮ್ಮೆ ಹೀಗೆ ಲೆಕ್ಕ ಹಾಕಿ ಬರುವಂಥದ್ದಾ? ದೇಶಕ್ಕೆ ಮಾರ್ಕ್ಸ್ ಕಾರ್ಡ್ ಕೇಳಬೇಡಿ. ಇವತ್ತು ನನಗೆ ಹೇಳಲಿಕ್ಕೆ ಇರುವುದು ಇದೊಂದೇ.

ನಮ್ಮ ದೊಡ್ಡಮ್ಮನ ಹತ್ತಿರ ಒಂದು ಸ್ಟೀಲ್ ಡಬ್ಬ ಉಂಟು. ಒಳಗೆ ಹಳೆಯ ಎರಡು ರೂಪಾಯಿ ನೋಟುಗಳು. ಹಿಂದೆ ತಿರುಗಿಸಿದರೆ ಒಂದು ಉಪಗ್ರಹದ ಚಿತ್ರ. ಅದು ಆರ್ಯಭಟ, ನಮ್ಮ ದೇಶದ ಮೊದಲ ಉಪಗ್ರಹ. ಅದನ್ನು ಕಟ್ಟಿದ ತಂಡದ ಮುಖ್ಯಸ್ಥರು ಯು.ಆರ್. ರಾವ್, ನಮ್ಮ ಉಡುಪಿಯ ಅದಮಾರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕೂತು ಕಟ್ಟಿದ್ದು. ನಮ್ಮದೇ ರಾಕೆಟ್ ಇರಲಿಲ್ಲ, 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್ ಮೇಲೆ ಕೂರಿಸಿ ಕಳಿಸಿದರು. ಐದನೇ ದಿನದ ಹೊತ್ತಿಗೆ ಕರೆಂಟಿನ ತೊಂದರೆ ಬಂದು ಪ್ರಯೋಗಗಳು ನಿಂತವು.

ಐದು ದಿನ! ಮಾರ್ಕ್ಸ್ ಹಾಕುವವರು ಎಷ್ಟು ಹಾಕ್ತಿದ್ದರು ಹೇಳಿ? ಆದರೆ ಈ ದೇಶ ಅದರ ಚಿತ್ರವನ್ನು ನೋಟಿನ ಮೇಲೆ ಅಚ್ಚು ಹಾಕಿತು. ಮೀನು ಮಾರುವವರ ಸೆರಗಿನ ಗಂಟಿನಲ್ಲೂ ಆ ಉಪಗ್ರಹ ಇತ್ತು. 2019ರಲ್ಲಿ ಚಂದ್ರನ ಮೇಲೆ ಇಳಿಯಬೇಕಿದ್ದ ನಮ್ಮ ಲ್ಯಾಂಡರ್ ಬಿದ್ದುಹೋಯಿತು. 2023ರ ಆಗಸ್ಟ್ 23ಕ್ಕೆ ಇನ್ನೊಂದು ಇಳಿಯಿತು. ಇಳಿದ ದಿನ ಎಲ್ಲರೂ ಸ್ಟೇಟಸ್ ಹಾಕಿದರು. ನನಗೆ ಬಿದ್ದ ದಿನವೂ ಹೆಮ್ಮೆ ಇತ್ತು.

‘ಚಂದ್ರನ ಮೇಲೆ ಹೋಗಲಿಕ್ಕೆ ದುಡ್ಡುಂಟು, ಗುಂಡಿ ಮುಚ್ಚಲಿಕ್ಕೆ ಇಲ್ಲವಾ?’ ಅಂತ ಈಗಲೇ ಯಾರೋ ಟೈಪ್ ಮಾಡ್ತಿದ್ದೀರಿ, ಗೊತ್ತು. ಗುಂಡಿ ಮುಚ್ಚದೇ ಇರುವುದು ದುಡ್ಡಿಲ್ಲದೆ ಅಲ್ಲ ಸ್ವಾಮಿ, ಕೇಳುವವರಿಲ್ಲದೆ. ರಾಕೆಟ್ ನಿಲ್ಲಿಸಿದ ಮಾತ್ರಕ್ಕೆ ನಿಮ್ಮ ಗಲ್ಲಿಗೆ ಡಾಂಬರು ಬರುವುದಿಲ್ಲ. ಮುಂದೆ ಹೋಗುವಾ.

ಅದಕ್ಕೂ ಮೊದಲು, ಈ ಚಾನೆಲ್ಲಿಗೆ ಸ್ಪಾನ್ಸರ್ ಯಾರೂ ಇಲ್ಲ. ನೀವು ಸಬ್‌ಸ್ಕ್ರೈಬ್ ಮಾಡಿದರೆ ಮಾತ್ರ ಇದು ನಡೆಯುವುದು. ಮಾಡಿ, ಮನೆಯವರ ಫೋನಲ್ಲೂ ಮಾಡಿಸಿ.

ಈಗ ಅದೇ ದೊಡ್ಡಮ್ಮನ ಬೆರಳಿನ ಕತೆ. 2024ರ ಏಪ್ರಿಲ್ 26, ನಮ್ಮಲ್ಲಿ ಲೋಕಸಭೆಯ ಓಟು. ದೊಡ್ಡಮ್ಮನಿಗೆ ಆಗ 86. ಆ ವಯಸ್ಸಿನವರು ಮನೆಯಲ್ಲೇ ಕೂತು ಓಟು ಹಾಕಬಹುದಿತ್ತು. ‘ಬೇಡ ಮಗ, ನಾನು ನಡೆದೇ ಹೋಗುವವಳು’ ಅಂದರು. ಕರಾವಳಿಯ ಏಪ್ರಿಲ್ ಸೆಕೆ ನಿಮಗೆ ಗೊತ್ತುಂಟಲ್ಲ, ನಿಂತಲ್ಲೇ ಬೆವರು ಸುರಿಯುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನನ್ನ ತೋಳು. ರಸ್ತೆಯಲ್ಲಿ ಜಲ್ಲಿ ಎದ್ದು ನಿಂತಿದೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಆ ರಸ್ತೆ ಮಾಡಿಸದವರಿಗೆ ತುಳುವಿನಲ್ಲಿ ಚೆನ್ನಾಗಿ ಬೈಯುವುದು, ಮತ್ತೆ ನಡೆಯುವುದು. ಸಾಯಂಕಾಲ ಚಾವಡಿಯಲ್ಲಿ ಕೂತು ಎಡಗೈಯ ತೋರುಬೆರಳನ್ನು ಬೆಳಕಿಗೆ ಹಿಡಿದು ನೋಡ್ತಿದ್ದರು. ಶಾಯಿ ಉಗುರಿನ ಬುಡದ ಸುಕ್ಕಿನೊಳಗೆ ಇಳಿದು ಕಪ್ಪಾಗಿತ್ತು. ಪಕ್ಕದ ಮನೆಯವರು ಬಂದರೆ ಮೊದಲು ಬೆರಳು ತೋರಿಸುವುದು, ಆಮೇಲೆ ಮಾತು.

ಅವರು ಮೊದಲ ಓಟು ಹಾಕಿದ್ದು 1962ರಲ್ಲಿ. ಆಗ ಓಟಿಗೆ 21 ತುಂಬಬೇಕಿತ್ತು. ಮೈಸೂರಿನ ಆ ಅಳಿಸದ ಶಾಯಿ ಲೋಕಸಭೆ ಚುನಾವಣೆಗೆ ಬಂದದ್ದೂ ಅದೇ ವರ್ಷ. ಈಗ ಬೇರೆ ಬೇರೆ ದೇಶಗಳ ಓಟಿಗೂ ಮೈಸೂರಿನಿಂದಲೇ ಶಾಯಿ ಹೋಗುತ್ತದೆ. ನಮ್ಮ ಮೊದಲ ಚುನಾವಣೆ 1951-52ರಲ್ಲಿ. ಮತದಾರರು 17 ಕೋಟಿಗೂ ಮೇಲೆ. ಓದಲಿಕ್ಕೆ ಬರುತ್ತಿದ್ದದ್ದು ನೂರರಲ್ಲಿ ಹದಿನೆಂಟು ಜನಕ್ಕೆ. ‘ಇವರಿಗೆಂತ ಓಟು, ಮೊದಲು ಓದು ಕಲಿಯಲಿ’ ಅಂತ ಈ ದೇಶ ಹೇಳಲಿಲ್ಲ. ಹೆಂಗಸರನ್ನು ಕಾಯಿಸಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರು ದೇಶದ ಮಟ್ಟದಲ್ಲಿ ಓಟಿನ ಹಕ್ಕಿಗೆ 1971ರವರೆಗೆ ಕಾದರು. ಎಲ್ಲರೂ ಫೋಟೋ ತೆಗೆಸಿಕೊಳ್ಳಲಿಕ್ಕೆ ಹೋಗುವ ಆ ಸ್ವಿಟ್ಜರ್ಲೆಂಡಿನಲ್ಲಿ!

ಹೊಟ್ಟೆಗೆ ಹಿಟ್ಟಿಲ್ಲದ ಕಾಲದಲ್ಲಿ, ಮಾರ್ಕ್ಸ್ ನೋಡದೆ ಎಲ್ಲರ ಕೈಗೂ ಓಟು ಕೊಟ್ಟ ದೇಶ ಇದು. ಅದಕ್ಕೆ ನೀವು ಮಾರ್ಕ್ಸ್ ಕಾರ್ಡ್ ಕೇಳ್ತೀರಾ?

ಎಲ್ಲರಿಗೂ ಆ ಓಟು ಕೊಟ್ಟದ್ದು ನಮ್ಮ ಸಂವಿಧಾನ. ಅದನ್ನು ಬರೆಯುವ ಕೆಲಸದಲ್ಲಿ ಸಲಹೆಗಾರರಾಗಿದ್ದವರು ಬೆನೆಗಲ್ ನರಸಿಂಗ ರಾವ್. ಇದೇ ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದವರು. ಮೊದಲ ಕರಡು ತಯಾರಿಸಿದ್ದು ಅವರು. ಸಿಗಬೇಕಾದ ಹೆಸರಿನಲ್ಲಿ ಒಂದು ಪಾಲು ರಾವ್ ಅವರಿಗೂ ಸಲ್ಲಬೇಕು ಅಂತ ಅಂಬೇಡ್ಕರ್ ಅವರೇ ಸಭೆಯಲ್ಲಿ ಎದ್ದು ನಿಂತು ಹೇಳಿದ್ದಾರೆ. ನಮ್ಮ ಊರಲ್ಲೇ ಎಷ್ಟು ಜನಕ್ಕೆ ಇದು ಗೊತ್ತು ಹೇಳಿ? ಅವರ ಬಗ್ಗೆ ಒಂದು ಪೂರ್ತಿ ಎಪಿಸೋಡ್ ಮಾಡ್ತೇನೆ, ಬೇಕಿದ್ದರೆ ಕೆಳಗೆ ಬರೆಯಿರಿ.

ಇನ್ನು ಕೆಲವರು ಹೇಳುವುದು, ಹೆಮ್ಮೆ ಪಟ್ಟರೆ ತಪ್ಪು ಮುಚ್ಚಿಟ್ಟ ಹಾಗೆ ಆಗುತ್ತದೆ ಅಂತ. ಯಾರು ಹೇಳಿದ್ದು? ಹರೇಕಳ ಹಾಜಬ್ಬರನ್ನು ನೋಡಿ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶದವರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಹೇಳಲಿಕ್ಕೆ ಆಗಲಿಲ್ಲ. ಊರಿನಲ್ಲಿ ಶಾಲೆ ಇರಲಿಲ್ಲ. ಕೊರತೆ ಅಂದರೆ ಅದು. ಅವರ ಜಾಗದಲ್ಲಿ ನಾವಿದ್ದರೆ ಕಾಮೆಂಟ್ ಹಾಕಿ ಮಲಗ್ತಿದ್ದೆವು. ಅವರು ಕಿತ್ತಳೆಯ ದುಡ್ಡು ಕೂಡಿಟ್ಟು, ಆಫೀಸಿನಿಂದ ಆಫೀಸಿಗೆ ಅಲೆದು ಹರೇಕಳಕ್ಕೆ ಶಾಲೆ ತಂದರು. 2021ರಲ್ಲಿ ಅದೇ ಮನುಷ್ಯ ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಒಳಗೆ ನಡೆದು ಪದ್ಮಶ್ರೀ ತಗೊಂಡರು. ಅದನ್ನು ಟಿವಿಯಲ್ಲಿ ನೋಡುವಾಗ ನನಗೆ ಗಂಟಲು ಕಟ್ಟಿತ್ತು. ಈಗ ಹೇಳುವಾಗಲೂ ಕಟ್ಟುತ್ತದೆ.

ದುಬೈಯ ಅಣ್ಣನಿಗೆ ಒಂದು ಪ್ರಶ್ನೆ. ಅಲ್ಲಿ ರಸ್ತೆ ಚೆನ್ನಾಗಿದೆ, ಒಪ್ಪಿದೆ. ನೀವು ಅಲ್ಲಿ ಬೆವರು ಸುರಿಸಿ ಮನೆಗೆ ದುಡ್ಡು ಕಳಿಸ್ತೀರಿ, ಅದಕ್ಕೂ ನನಗೆ ಗೌರವ ಉಂಟು. ಆದರೆ ಆ ಚಂದದ ರಸ್ತೆ ಬಿಟ್ಟು ಮೇ ತಿಂಗಳಲ್ಲಿ ಕುಟುಂಬದ ದೈವದ ನೇಮಕ್ಕೆ ಓಡಿ ಬರ್ತೀರಲ್ಲ, ಯಾಕೆ? ಮಾರ್ಕ್ಸ್ ನೋಡಿ ಬರ್ತೀರಾ? ಹಿರಿಯರ ತರವಾಡು ಮನೆಯ ಮಾಡು ಸೋರುತ್ತದೆ ಅಂತ ದೈವಕ್ಕೆ ಕೈ ಮುಗಿಯದೆ ವಾಪಸ್ ಹೋಗ್ತೀರಾ? ಇಲ್ಲ ಅಲ್ವಾ? ಹಂಚು ತರಿಸ್ತೀರಿ, ಏಣಿ ಇಡ್ತೀರಿ. ಅದೇ ನಾನು ಹೇಳುವುದು! ಅಷ್ಟೇ ನಾನು ಹೇಳುವುದು!

ನಾನು ಆ ಜಲ್ಲಿ ರಸ್ತೆಯಲ್ಲೇ ಸ್ಕೂಟರಿನಿಂದ ಬಿದ್ದವನು. ಮೊಣಕಾಲಿಗೆ ನಾಲ್ಕು ಹೊಲಿಗೆ. ಒಂದು ಆಫೀಸಿಗೆ ಮೂರು ಸಲ ಹೋದೆ, ಮೂರು ಸಲವೂ ‘ಫೈಲ್ ಮೇಲೆ ಹೋಗಿದೆ’ ಅಂದರು. ಸಿಟ್ಟು ಬಂತು. ಈಗಲೂ ಉಂಟು. ಹೆಮ್ಮೆಯೂ ಉಂಟು. ಎರಡೂ ಒಂದೇ ಎದೆಯಲ್ಲಿ ಉಂಟು, ಯಾವುದನ್ನು ತೆಗೆದು ಬಿಸಾಡಲಿ? ಬೇರೆ ಕಾರಣ ಕೇಳಬೇಡಿ, ಬರೆದುಕೊಂಡು ಬಂದದ್ದು ಮುಗಿಯಿತು. ನನ್ನ ದೇಶ, ನನಗೆ ಹೆಮ್ಮೆ. ಮಾರ್ಕ್ಸ್ ಕಾರ್ಡ್ ಬೇಡ!

ಮುಂದಿನ ವಾರ ಕ್ಯಾಮೆರಾ ಹಿಡಿದು ಅದೇ ರಸ್ತೆಗೆ ಹೋಗ್ತೇನೆ. ಟೇಪ್ ತಗೊಂಡು ಒಂದೊಂದು ಗುಂಡಿಯನ್ನೂ ಅಳೆದು ತೋರಿಸ್ತೇನೆ, ನಾಲ್ಕನೇ ಸಲ ಆಫೀಸಿಗೂ ಹೋಗ್ತೇನೆ. ದೊಡ್ಡಮ್ಮ ತಾನೂ ಬರ್ತೇನೆ ಅಂದಿದ್ದಾರೆ. ದುಬೈಯ ಅಣ್ಣ, ನೇಮಕ್ಕೆ ಬಂದಾಗ ನಮ್ಮ ಮನೆಗೆ ಬನ್ನಿ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿಸ್ತೇನೆ. ಸ್ಕೂಟರಿನಲ್ಲಿ ಬರುವುದಾದರೆ ತಿರುವಿನ ಹತ್ತಿರ ಸ್ವಲ್ಪ ನಿಧಾನ.