ಐವತ್ತು ಸಿಸಿಯೋ, ಅರವತ್ತು ಸಿಸಿಯೋ? ಮರದ ಕೆಲಸಕ್ಕೆ ಚೈನ್‌ಸಾ ಆರಿಸುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಮರದ ಕೆಲಸವನ್ನೇ ಕಸುಬು ಮಾಡಿಕೊಂಡವರು ಚೈನ್‌ಸಾ ಕೊಳ್ಳಲು ಹೊರಟಾಗ ಮೊದಲು ಕೇಳುವುದು, "ಎಂಜಿನ್ ಎಷ್ಟು ಸಿಸಿ?" ಎಂದು. ಅದು ಎರಡನೆಯ ಪ್ರಶ್ನೆ ಆಗಬೇಕು. ಮೊದಲ ಪ್ರಶ್ನೆ ಬೇರೆ ಇದೆ. ನೀವು ದಿನದ ಹೆಚ್ಚು ಹೊತ್ತು ಕೊಯ್ಯುವ ಮರ ಎಷ್ಟು ದಪ್ಪ? ನೀವು ಈವರೆಗೆ ಕಂಡ ಅತಿ ದೊಡ್ಡ ಮರದ ಮಾತಲ್ಲ ಇದು. ದಿನನಿತ್ಯ ಕೈಗೆ ಬರುವ ಮರದ ಮಾತು.

ವೃತ್ತಿಪರರ ಮಧ್ಯಮ ಗಾತ್ರದ ಗರಗಸಗಳಲ್ಲಿ ಎರಡು ಗುಂಪು. ಒಂದು 50 ಸಿಸಿ ಆಸುಪಾಸಿನದು. ಸ್ಟಿಲ್ ಕಂಪನಿಯ ಎಂಎಸ್ 261, ಹಸ್ಕ್‌ವರ್ನಾದ 550 ಎಕ್ಸ್‌ಪಿ ಈ ಗುಂಪಿನವು. ಇನ್ನೊಂದು 60 ಸಿಸಿ ಆಸುಪಾಸಿನದು. ಎಂಎಸ್ 362, 562 ಎಕ್ಸ್‌ಪಿ ಇಲ್ಲಿ ಬರುತ್ತವೆ. ಮೊದಲ ಗುಂಪಿನ ಶಕ್ತಿ ಸುಮಾರು 3 ಕಿಲೋವ್ಯಾಟ್, ಎರಡನೆಯದರದ್ದು ಸುಮಾರು 3.5. ತೂಕ ನೋಡಿದರೆ ಒಂದು 5 ಕಿಲೋ ಹತ್ತಿರ, ಇನ್ನೊಂದು 6 ಕಿಲೋ ಹತ್ತಿರ.

ಈ ತೂಕದ ಲೆಕ್ಕವನ್ನು ಸ್ವಲ್ಪ ಗಮನಿಸಿ ಓದಬೇಕು. ಕಂಪನಿಗಳು ಸಾಮಾನ್ಯವಾಗಿ ಕೊಡುವುದು ಬರೀ ಎಂಜಿನ್ ಭಾಗದ ತೂಕ. ಚೈನ್ ಸುತ್ತುವ ಉದ್ದನೆಯ ಪಟ್ಟಿ, ಅಂದರೆ ಬಾರ್ ಇಲ್ಲ, ಚೈನ್ ಇಲ್ಲ, ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲ, ಎಣ್ಣೆ ಇಲ್ಲ. ಇವೆಲ್ಲ ಸೇರಿದ ಮೇಲೆ ಒಂದೂವರೆ ಕಿಲೋದಷ್ಟು ಜಾಸ್ತಿಯಾಗುತ್ತದೆ. ನಿಮ್ಮ ಕೈ ಹೊರುವುದು ಆ ಒಟ್ಟು ತೂಕವನ್ನು.

ಮರ ಉರುಳಿಸುವಾಗ ಆ ತೂಕ ಅಷ್ಟು ತಿಳಿಯುವುದಿಲ್ಲ. ಗರಗಸದ ಮುಂದಿನ ಮುಳ್ಳುಗಳು ಕಾಂಡಕ್ಕೆ ಕಚ್ಚಿಕೊಂಡಿರುತ್ತವೆ, ಭಾರವನ್ನು ಮರವೇ ಹೊರುತ್ತದೆ. ಆದರೆ ಉರುಳಿಸುವುದು ಎಷ್ಟು ಹೊತ್ತಿನ ಕೆಲಸ? ಕೆಲವು ನಿಮಿಷ. ಆಮೇಲೆ ರೆಂಬೆ ಸವರಬೇಕು. ಗರಗಸವನ್ನು ಎತ್ತಬೇಕು, ಹೊರಳಿಸಬೇಕು, ಆಚೆಯಿಂದ ಈಚೆಗೆ ತರಬೇಕು, ಮತ್ತೆ ಎತ್ತಬೇಕು. ಹೊತ್ತು ಹೋಗುವುದೇ ಇಲ್ಲಿ. ಮಧ್ಯಾಹ್ನದ ಮೇಲೆ ತೋಳು ಸೋತಾಗ ಬಾರಿನ ತುದಿ ಎಲ್ಲಿದೆ ಎಂಬ ಗಮನವೂ ಸಡಿಲವಾಗುತ್ತದೆ. ಬಾರಿನ ತುದಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ ತಗುಲಿದರೆ ಗರಗಸ ಕ್ಷಣಮಾತ್ರದಲ್ಲಿ ಮುಖದ ಕಡೆಗೆ ಚಿಮ್ಮುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುತ್ತೇವೆ. ಚೈನನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ ಇರುವುದು ಇದಕ್ಕಾಗಿಯೇ. ಆದರೂ ಕೈ ದಣಿದಾಗ ಅದೊಂದನ್ನೇ ನಂಬಿ ಕೂರುವುದು ತಪ್ಪು. ಹಾಗಾಗಿ ಹಗುರ ಗರಗಸ ಅಂದರೆ ಬರೀ ಸುಖದ ಮಾತಲ್ಲ, ಸುರಕ್ಷತೆಯ ಮಾತು.

ನಿಮ್ಮ ಕೆಲಸದ ಬಹುಪಾಲು ಒಂದು ಅಡಿ ದಪ್ಪದೊಳಗಿನ ಮರ, ಜೊತೆಗೆ ರೆಂಬೆ ಸವರುವುದು ಎಂದಾದರೆ 50 ಸಿಸಿಯನ್ನೇ ಆರಿಸಿ. ಅದಕ್ಕೆ 15 ಅಥವಾ 16 ಇಂಚಿನ ಬಾರ್ ಸಾಕು. ದಿನವೂ ಗಟ್ಟಿ ಜಾತಿಯ ಮರ, 40-50 ಸೆಂಟಿಮೀಟರ್ ದಪ್ಪದ ದಿಮ್ಮಿ ಕೊಯ್ಯುವುದಿದ್ದರೆ 60 ಸಿಸಿ ಬೇಕು. 18 ಅಥವಾ 20 ಇಂಚಿನ ಬಾರ್ ಪೂರ್ತಿ ಮರದೊಳಗೆ ಹೋದಾಗಲೂ ಅದರ ವೇಗ ಅಷ್ಟಾಗಿ ಕುಸಿಯುವುದಿಲ್ಲ. 50 ಸಿಸಿ ಗರಗಸಕ್ಕೂ 20 ಇಂಚಿನ ಬಾರ್ ಕೂಡುತ್ತದೆ ನಿಜ. ಆದರೆ ಬಾರ್ ಮುಳುಗಿದಾಗ ಎಂಜಿನ್ ಏದುಸಿರು ಬಿಡುತ್ತದೆ. ಆಗ ಮೇಲಿಂದ ಒತ್ತಲು ಮನಸ್ಸಾಗುತ್ತದೆ. ಒತ್ತಿ ಕೊಯ್ಯುವ ಅಭ್ಯಾಸ ಒಳ್ಳೆಯದಲ್ಲ.

ಇನ್ನು ಚೈನ್. ಎಂಜಿನ್ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವವರು ಚೈನ್ ಬಗ್ಗೆ ಎರಡು ನಿಮಿಷ ಕೂಡ ಮಾತಾಡುವುದಿಲ್ಲ. ಮರ ಕೊಯ್ಯುವುದು ಚೈನ್ ಅಲ್ವಾ? ಈಗಿನ ಚೈನಿನ ಹಲ್ಲಿಗೆ ಮೂಲ ಒಂದು ಹುಳು. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ 1946ರಲ್ಲಿ, ಜೀರುಂಡೆಯ ಮರಿಹುಳುವೊಂದು ಎಡಕ್ಕೂ ಬಲಕ್ಕೂ ಕಚ್ಚುತ್ತಾ ಮರವನ್ನು ಕೊರೆಯುವುದನ್ನು ಕಂಡ. ಅದೇ ರೀತಿ ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲಿನ ಚೈನ್ ಮಾಡಿದ. ಇವತ್ತಿಗೂ ಅದೇ ರೂಪ.

ಚೈನಿನ ಕೊಂಡಿಗಳ ನಡುವಿನ ಸರಾಸರಿ ಅಂತರಕ್ಕೆ ಪಿಚ್ ಎನ್ನುತ್ತಾರೆ. 50 ಸಿಸಿಗೆ ಸಾಮಾನ್ಯವಾಗಿ 0.325 ಇಂಚು ಪಿಚ್‌ನ ಚೈನ್ ಹೊಂದುತ್ತದೆ. 60 ಸಿಸಿಗೆ ಹೆಚ್ಚಾಗಿ ಇಂಚಿನ ಎಂಟರಲ್ಲಿ ಮೂರು ಭಾಗದ ಪಿಚ್‌ನದು. ಮೊದಲನೆಯದರ ಹಲ್ಲು ಚಿಕ್ಕದು, ಎಂಜಿನ್ ಮೇಲೆ ಹೊರೆ ಕಡಿಮೆ. ಹಲ್ಲು ಚೂಪು ಮಾಡಲು ಅದಕ್ಕೆ 4.8 ಮಿಲಿಮೀಟರ್ ದುಂಡು ಅರ, ಇನ್ನೊಂದಕ್ಕೆ ಸಾಮಾನ್ಯವಾಗಿ 5.2 ಮಿಲಿಮೀಟರಿನದು. ಹಲ್ಲಿನ ಮೂಲೆ ಚೂಪಾಗಿದ್ದರೆ ಹಸಿ, ಶುದ್ಧ ಮರದಲ್ಲಿ ಬೇಗ ಕೊಯ್ಯುತ್ತದೆ. ಮಣ್ಣು ಹತ್ತಿದ, ಒಣಗಿದ ಮರಕ್ಕೆ ಮೂಲೆ ದುಂಡಾದ ಹಲ್ಲೇ ವಾಸಿ, ಅದು ಬೇಗ ಮೊಂಡಾಗುವುದಿಲ್ಲ. ಕೊಯ್ಯುವಾಗ ಚಕ್ಕೆ ಬೀಳುವ ಬದಲು ಹಿಟ್ಟಿನಂಥ ಪುಡಿ ಉದುರಿದರೆ ಅಲ್ಲೇ ನಿಲ್ಲಿಸಿ ಅರ ತೆಗೆದುಕೊಳ್ಳಿ. ಚೂಪಾದ ಚೈನಿನ 50 ಸಿಸಿ, ಮೊಂಡು ಚೈನಿನ 60 ಸಿಸಿಯನ್ನು ಹಿಂದೆ ಹಾಕುತ್ತದೆ.

ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ವಿಷಯದಲ್ಲಿ ನನಗೆ ಒಂದು ಖಚಿತ ಅಭಿಪ್ರಾಯವಿದೆ. ಈಗಿನ ವೃತ್ತಿಪರ ಗರಗಸಗಳಲ್ಲಿ ಸ್ಟಿಲ್‌ನವರ ಎಂ-ಟ್ರಾನಿಕ್, ಹಸ್ಕ್‌ವರ್ನಾದವರ ಆಟೋಟ್ಯೂನ್ ಎಂಬ ವ್ಯವಸ್ಥೆಗಳಿವೆ. ಎತ್ತರ, ಬಿಸಿಲು, ಇಂಧನ ಬದಲಾದರೂ ಗಾಳಿ-ಪೆಟ್ರೋಲ್ ಪ್ರಮಾಣವನ್ನು ಅವೇ ಹೊಂದಿಸಿಕೊಳ್ಳುತ್ತವೆ. ಪೆಟ್ರೋಲ್ ಪ್ರಮಾಣ ಕಡಿಮೆಯಾಗಿ ಪಿಸ್ಟನ್ ಸುಟ್ಟುಹೋಗುವ ಭಯ ತಗ್ಗುತ್ತದೆ. ಆದರೆ ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ರಿಪೇರಿ ಮಾಡಲಾಗದು. ಕಂಪ್ಯೂಟರಿಗೆ ಜೋಡಿಸಿ ನೋಡುವ ಮೆಕ್ಯಾನಿಕ್ ಬೇಕು. ಹತ್ತಿರದಲ್ಲಿ ಅಂಥವರಿದ್ದರೆ ಧೈರ್ಯವಾಗಿ ಕೊಳ್ಳಿ. ಇಲ್ಲದಿದ್ದರೆ ಸ್ಕ್ರೂ ತಿರುಗಿಸುವ ಹಳೆಯ ಬಗೆಯೇ ಉತ್ತಮ. ಎರಡು ಕಂಪನಿಗಳ ನಡುವೆ ಆರಿಸುವಾಗಲೂ ನಾನು ನೋಡುವುದು ಇದನ್ನೇ. ಬಿಡಿಭಾಗ ಯಾರದ್ದು ಬೇಗ ಸಿಗುತ್ತದೆ? ಗರಗಸಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಚಿಕ್ಕದು.

ಕಂಪನವನ್ನು ಮರೆಯಬೇಡಿ. ವರ್ಷಗಟ್ಟಲೆ ನಡುಗುವ ಹಿಡಿಕೆ ಹಿಡಿದವರ ಬೆರಳುಗಳು ಚಳಿಯಲ್ಲಿ ಬೆಳ್ಳಗಾಗಿ ಮರಗಟ್ಟುತ್ತವೆ. ಇದು ವಾಸಿಯಾಗುವುದು ಬಹಳ ಕಷ್ಟ. ಐರೋಪ್ಯ ಒಕ್ಕೂಟದ 2002ರ ನಿಯಮದಲ್ಲಿ ಎಂಟು ಗಂಟೆಯ ಸರಾಸರಿಗೆ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಗರಗಸದ ಕೈಪಿಡಿಯಲ್ಲಿ ಅದರ ಕಂಪನದ ಅಂಕಿ ಇರುತ್ತದೆ, ಎರಡೂ ಹಿಡಿಕೆಗಳದ್ದನ್ನು ಹೋಲಿಸಿ ನೋಡಿ.

ಅಂಗಡಿಯಲ್ಲಿ ಬಾರ್ ಹಾಕಿಸಿ, ಟ್ಯಾಂಕ್ ತುಂಬಿಸಿ, ಮುಂದಿನ ಹಿಡಿಕೆಯೊಂದನ್ನೇ ಹಿಡಿದು ಎತ್ತಿ. ಎಂಜಿನ್ ನಿಲ್ಲಿಸಿಯೇ ಇರಲಿ. ಬಾರಿನ ತುದಿ ಸ್ವಲ್ಪವೇ ಬಾಗಿದರೆ ಸರಿ. ನೆಲದ ಕಡೆ ಜೋತುಬಿದ್ದರೆ ಆ ಬಾರ್ ಆ ಗರಗಸಕ್ಕೆ ಉದ್ದವಾಯಿತು.

ಕೊನೆಗೆ, ಈಗಾಗಲೇ 50 ಸಿಸಿ ಇಟ್ಟುಕೊಂಡಿರುವವರಿಗೆ ಒಂದು ಮಾತು. ದೊಡ್ಡ ಮರಗಳ ಕೆಲಸ ಬರತೊಡಗಿದರೆ ಪಕ್ಕದ 60ಕ್ಕೆ ಹೋಗಬೇಡಿ. 60 ಗಟ್ಟಿ ಕೆಲಸಕ್ಕೆ ಒಳ್ಳೆಯದೇ, ಆದರೆ ಎರಡನ್ನೂ ಇಟ್ಟುಕೊಂಡರೆ ಅವುಗಳ ನಡುವಿನ ಅಂತರ ಚಿಕ್ಕದು. 70 ಸಿಸಿ ಗುಂಪಿಗೆ ನೇರವಾಗಿ ಹೋಗಿ, 50 ಸಿಸಿಯನ್ನು ರೆಂಬೆ ಸವರಲು ಇಟ್ಟುಕೊಳ್ಳಿ.