ಮಳೆಕಾಡಿನ ನಡುವೆ ಹೊಳೆಯ ದಾರಿ: ಯಾವ ತಿಂಗಳು, ಯಾವ ನೀರು, ಯಾವ ದಿಕ್ಕು

ಎಲ್ಲರಿಗೂ ನಮಸ್ಕಾರ.

ಬ್ರೆಜಿಲ್ ದೇಶದಲ್ಲಿ, ಅಮೆಜಾನ್ ಮಳೆಕಾಡಿನ ನಡುವೆ ಇರುವ ಮನೌಸ್ ನಗರದ ಬಂದರಿನಲ್ಲಿ ಒಂದು ಗೋಡೆ ಇದೆ. ಹೊಳೆ ಯಾವ ವರ್ಷ ಎಲ್ಲಿಯತನಕ ಏರಿತ್ತು ಅನ್ನುವುದನ್ನು ಆ ಗೋಡೆಯ ಮೇಲೆ ಇಸವಿ ಸಮೇತ ಗುರುತು ಮಾಡಿದ್ದಾರೆ. ಲೆಕ್ಕ ಶುರುವಾದದ್ದು 1902ರಲ್ಲಿ. ಅಲ್ಲಿಂದೀಚೆಗೆ ನೀರು ಅತಿ ಹೆಚ್ಚು ಏರಿದ್ದು 2021ರ ಜೂನ್‌ನಲ್ಲಿ, 30 ಮೀಟರ್ ಗುರುತನ್ನು ದಾಟಿ. ಎರಡೇ ವರ್ಷ ಕಳೆದು, 2023ರ ಅಕ್ಟೋಬರ್‌ನಲ್ಲಿ ಅದೇ ಹೊಳೆ 13 ಮೀಟರಿಗಿಂತ ಕೆಳಗಿಳಿಯಿತು. ಅದು ಅಲ್ಲಿಯವರೆಗಿನ ಕನಿಷ್ಠ. 2024ರಲ್ಲಿ ಅದಕ್ಕಿಂತಲೂ ಇಳಿಯಿತು. ಇವು ಅತಿರೇಕದ ವರ್ಷಗಳು ಅಂತಲೇ ಇಟ್ಟುಕೊಳ್ಳಿ. ಸಾಧಾರಣ ವರ್ಷದಲ್ಲೂ ಅಲ್ಲಿ ನೀರು ಸುಮಾರು 10 ಮೀಟರ್ ಏರಿ ಇಳಿಯುತ್ತದೆ, ಅಂದರೆ ಮೂರು ಮಹಡಿಯ ಮನೆಯಷ್ಟು. ಬಂದರಿನ ಕಟ್ಟೆಯನ್ನೇ ತೇಲುವಂತೆ ಕಟ್ಟಿರುವುದು ಈ ಕಾರಣಕ್ಕೆ. ಕಳೆದ ಶತಮಾನದ ಆರಂಭದಲ್ಲಿ, ರಬ್ಬರಿನ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ, ಬ್ರಿಟಿಷ್ ಕಂಪನಿಯೊಂದು ಕಟ್ಟಿದ್ದು ಅದು.

ಅಮೆಜಾನ್ ಕಾಡಿನಲ್ಲಿ ಹೊಳೆಯ ಮೇಲೆ ಪ್ರಯಾಣ ಹೊರಡುವವರು ಮೊದಲು ಕೇಳುವುದು, ಯಾವ ಹಡಗು ಚೆನ್ನಾಗಿದೆ, ಎಷ್ಟು ಸ್ಟಾರು, ಎಸಿ ಇದೆಯಾ ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕಣ್ಣಿಗೆ ಏನು ಬೀಳುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಮೂರು ಸಂಗತಿ: ಹೋಗುವ ತಿಂಗಳು, ನೀರಿನ ಬಣ್ಣ, ದೋಣಿ ಹೋಗುತ್ತಿರುವ ದಿಕ್ಕು.

ಅದಕ್ಕೂ ಮೊದಲು ಒಂದು ಮಾತು. ನಮ್ಮಲ್ಲೂ ಮಳೆಕಾಡಿದೆ, ಹೊಳೆಗಳಿವೆ, ಹಾಗಿದ್ದರೂ ಇಂಥ ಪ್ರಯಾಣ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಉತ್ತರ ಇಳಿಜಾರಿನಲ್ಲಿದೆ. ಶರಾವತಿ ಹುಟ್ಟಿ ಸಮುದ್ರ ಸೇರುವುದು 130 ಕಿಲೋಮೀಟರಿನೊಳಗೆ, ಅಷ್ಟರಲ್ಲೇ ಜೋಗದಲ್ಲಿ ಒಂದೇ ನೆಗೆತಕ್ಕೆ 253 ಮೀಟರ್ ಬೀಳುತ್ತದೆ. ಘಟ್ಟದ ಹೊಳೆಗಳ ಪಾಡೆಲ್ಲ ಇದೇ. ದೋಣಿ ಬಿಡಲು ಹಿನ್ನೀರು ಬೇಕು, ಇಲ್ಲವೇ ಅಳಿವೆ ಬೇಕು. ಮನೌಸ್ ಸಮುದ್ರದಿಂದ ಸುಮಾರು 1,500 ಕಿಲೋಮೀಟರ್ ಒಳಗಿದೆ. ಆದರೂ ಅಲ್ಲಿನ ನೀರು ಸಾಧಾರಣವಾಗಿ ಸಮುದ್ರಮಟ್ಟಕ್ಕಿಂತ 30 ಮೀಟರ್ ಎತ್ತರವೂ ಇರುವುದಿಲ್ಲ. ಕಡಲಿನ ಹಡಗು ಹಾಗೇ ಒಳಗೆ ಬಂದು ಲಂಗರು ಹಾಕುತ್ತದೆ.

ಈಗ ತಿಂಗಳಿನ ವಿಚಾರ. ಮನೌಸ್‌ನಲ್ಲಿ ಮಳೆ ಜೋರಾಗಿರುವುದು ಡಿಸೆಂಬರ್‌ನಿಂದ ಮೇವರೆಗೆ. ಹೊಳೆ ತುಂಬಿ ತುಳುಕುವುದು ಮಾತ್ರ ಜೂನ್‌ನಲ್ಲಿ, ಮಳೆ ಹಿಂದೆ ಸರಿದ ಮೇಲೆ. ಮೇಲಿನ ಸೀಮೆಗಳಲ್ಲಿ ಬಿದ್ದ ನೀರು ಅಷ್ಟು ದೂರ ಇಳಿದು ಬರಲು ವಾರಗಟ್ಟಲೆ ಹಿಡಿಯುತ್ತದೆ. ಪೆರುವಿನ ಇಕ್ವಿಟೋಸ್ ಮೇಲ್ಭಾಗದಲ್ಲಿರುವುದರಿಂದ ಅಲ್ಲಿ ನೆರೆ ಏಪ್ರಿಲ್, ಮೇ ಹೊತ್ತಿಗೇ ಬಂದು ಹೋಗುತ್ತದೆ. ಆದ್ದರಿಂದ ‘ಅಮೆಜಾನ್‌ಗೆ ಯಾವ ತಿಂಗಳು ಒಳ್ಳೆಯದು’ ಎಂಬ ಪ್ರಶ್ನೆಯೇ ಅರ್ಧ. ಯಾವ ಊರಿನಿಂದ ಅನ್ನುವುದನ್ನೂ ಸೇರಿಸಿ ಕೇಳಬೇಕು.

ತುಂಬುನೀರಿನಲ್ಲಿ ಹೊಳೆ ದಡ ಮೀರಿ ಕಾಡಿನೊಳಗೆ ಹೋಗುತ್ತದೆ, ಮರಗಳು ಸೊಂಟದವರೆಗೆ, ಕೆಲವೆಡೆ ಕೊರಳಿನವರೆಗೆ ಮುಳುಗಿ ತಿಂಗಳುಗಟ್ಟಲೆ ನಿಂತಿರುತ್ತವೆ. ಸಣ್ಣ ದೋಣಿಯಲ್ಲಿ ಕೂತರೆ ಮರದ ನೆತ್ತಿ ಕಣ್ಣಿನ ಮಟ್ಟಕ್ಕೆ ಬಂದಿರುತ್ತದೆ. ನೆಲದಿಂದ ಕತ್ತೆತ್ತಿ ನೋಡಿದರೂ ಕಾಣದ ಕೋತಿ, ಕೊಂಬೆಗೆ ಜೋತುಬಿದ್ದು ನಿಧಾನವಾಗಿ ಚಲಿಸುವ ಸ್ಲಾತ್ ಎಂಬ ಪ್ರಾಣಿ, ಕೊಂಬೆಗೆ ಅಂಟಿದ ಸೀತಾಳೆ ದಂಡೆಗಳು ಎದುರಿಗೇ ಸಿಗುತ್ತವೆ. ಮೀನುಗಳೂ ಕಾಡಿಗೆ ನುಗ್ಗುತ್ತವೆ. ತಂಬಾಕಿ ಎಂಬ ಮೀನು ಕಾಡುರಬ್ಬರ್ ಮರದ ಗಟ್ಟಿ ಬೀಜವನ್ನು ಹಲ್ಲಿನಲ್ಲೇ ಒಡೆದು ತಿನ್ನುತ್ತದೆ. ಮೀನಿನ ಹಿಂದೆ ಗುಲಾಬಿ ಡಾಲ್ಫಿನ್. ಅದರ ಕತ್ತಿನ ಮೂಳೆಗಳು ಬೆಸೆದುಕೊಂಡಿಲ್ಲ, ಹಾಗಾಗಿ ಕತ್ತು ಹೊರಳಿಸಿ ಮರದ ಬೊಡ್ಡೆಗಳ ನಡುವೆ ನುಸುಳಬಲ್ಲದು. ಇಳಿನೀರಿನಲ್ಲಿ, ಅಂದರೆ ಅಕ್ಟೋಬರ್ ನವೆಂಬರ್ ಸುಮಾರಿಗೆ, ಚಿತ್ರವೇ ಬೇರೆ. ಬಿಳಿ ಮರಳಿನ ದಂಡೆಗಳು ಮೇಲೇಳುತ್ತವೆ, ಉಳಿದ ಕೆರೆಗಳಲ್ಲಿ ಮೀನು ಕಿಕ್ಕಿರಿಯುತ್ತದೆ, ಅವುಗಳ ಸುತ್ತ ಕೊಕ್ಕರೆ ಮತ್ತು ಕೇಮನ್ ಮೊಸಳೆ. ನೋಡಲು ಸುಲಭ. ಆದರೆ ಒಳಹಳ್ಳಗಳಿಗೆ ದೋಣಿ ಹೋಗುವುದಿಲ್ಲ, ದೊಡ್ಡ ದೋಣಿಗಳು ಮರಳುದಿಬ್ಬಕ್ಕೆ ಸಿಕ್ಕಿ ಗಂಟೆಗಟ್ಟಲೆ ನಿಲ್ಲುತ್ತವೆ. 2023ರಲ್ಲಿ ಸರಕು ಹಡಗುಗಳೇ ಮನೌಸ್ ತಲುಪಲಾಗದೆ ನಿಂತಿದ್ದವು. ಮೊದಲ ಸಲ ಹೋಗುವವರಿಗೆ ಜೂನ್, ಜುಲೈ ಸರಿ. ನೀರು ತುಂಬಿರುತ್ತದೆ, ಮಳೆ ಇಳಿದಿರುತ್ತದೆ.

ನೀರಿನ ಬಣ್ಣಕ್ಕೆ ಬರೋಣ. ಮನೌಸ್ ಇರುವುದು ರಿಯೊ ನೆಗ್ರೊ ದಡದಲ್ಲಿ, ಹೆಸರೇ ಕರಿಹೊಳೆ. ಊರಿನ ಕೆಳಗೆ ಅದು ಸೊಲಿಮೋಯಿಸ್ ಹೊಳೆಯನ್ನು ಕೂಡುತ್ತದೆ. ಅಮೆಜಾನ್ ಹೊಳೆಯ ಮೇಲ್ಭಾಗಕ್ಕೆ ಬ್ರೆಜಿಲ್‌ನಲ್ಲಿ ಇರುವ ಹೆಸರೇ ಸೊಲಿಮೋಯಿಸ್. ಒಂದು ಫಿಲ್ಟರ್ ಡಿಕಾಕ್ಷನ್, ಇನ್ನೊಂದು ಹಾಲು ಬೆರೆಸಿದ ಕಾಫಿ. ಎರಡೂ ಸುಮಾರು 6 ಕಿಲೋಮೀಟರ್ ಬೆರೆಯದೆ ಪಕ್ಕಪಕ್ಕ ಹರಿಯುತ್ತವೆ. ನೆಗ್ರೊ ಬೆಚ್ಚಗೆ, ನಿಧಾನ. ಸೊಲಿಮೋಯಿಸ್ ತಣ್ಣಗೆ, ವೇಗ, ಮೇಲಾಗಿ ಹೂಳು ಹೊತ್ತು ಭಾರ. ಗಡಿಯ ಮೇಲೆ ದೋಣಿ ನಿಲ್ಲಿಸಿ ಕೈ ಅದ್ದಿದರೆ ಎರಡು ನೀರಿನ ಬಿಸಿ ಬೇರೆ ಬೇರೆ ಅಂತ ಬೆರಳಿಗೇ ತಿಳಿಯುತ್ತದೆ. ಪ್ರವಾಸಿಗಳು ಇದನ್ನು ನೋಡಿ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನಿಜವಾಗಿ ಇಡೀ ಪ್ರಯಾಣದ ಯೋಜನೆ ನಿಲ್ಲಬೇಕಾದದ್ದು ಇಲ್ಲಿ.

ಸೊಲಿಮೋಯಿಸ್ ಆಂಡಿಸ್ ಪರ್ವತದ ಹೂಳನ್ನು ಹೊತ್ತು ತರುತ್ತದೆ. ಹೂಳಿದ್ದಲ್ಲಿ ಸತ್ವ, ಸತ್ವ ಇದ್ದಲ್ಲಿ ಮೀನು, ಹಕ್ಕಿ, ಪ್ರಾಣಿ, ಅದರ ಜೊತೆಗೆ ಸೊಳ್ಳೆ. ನೆಗ್ರೊ ಬರುವುದು ಮರಳುನೆಲದ ಕಾಡುಗಳಿಂದ, ಕೊಳೆತ ಎಲೆಯ ಕಷಾಯವನ್ನು ಹೊತ್ತು. ಆಮ್ಲ ಹೆಚ್ಚು, ಸತ್ವ ಕಡಿಮೆ, ಸೊಳ್ಳೆಮರಿ ಅಲ್ಲಿ ಚೆನ್ನಾಗಿ ಬದುಕುವುದಿಲ್ಲ. ರಾತ್ರಿ ಹಡಗಿನ ಮೇಲಿನ ಅಟ್ಟದಲ್ಲಿ (ಡೆಕ್) ನೆಮ್ಮದಿಯಾಗಿ ಕೂರಬಹುದು, ಆದರೆ ಪ್ರಾಣಿಗಳೂ ವಿರಳ. ಕರಿನೀರಿನ ಪ್ರವಾಸ ಮಾರುವವರು ಸೊಳ್ಳೆ ಇಲ್ಲ ಅನ್ನುವುದನ್ನು ದೊಡ್ಡದಾಗಿ ಹೇಳುತ್ತಾರೆ, ಪ್ರಾಣಿ ಕಡಿಮೆ ಅನ್ನುವುದನ್ನು ಹೇಳುವುದಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನೆಗ್ರೊ ಮೇಲಿನ ಅನಾವಿಲ್ಯಾನಸ್ ದ್ವೀಪಸಮೂಹ ವಾಸಿ. ಹೊಳೆಯ ನಡುವೆಯೇ ಸುಮಾರು 400 ದ್ವೀಪಗಳು, ತುಂಬುನೀರಿನಲ್ಲಿ ಅರ್ಧಕ್ಕರ್ಧ ಮುಳುಗಿರುತ್ತವೆ. ಪ್ರಾಣಿ, ಹಕ್ಕಿಯೇ ಮುಖ್ಯ ಅನ್ನುವವರು ಹೂಳುನೀರಿಗೆ ಹೋಗಬೇಕು. ಇಕ್ವಿಟೋಸ್ ಕಡೆಯ ಪಕಾಯಾ ಸಮೀರಿಯಾ ರಕ್ಷಿತಾರಣ್ಯ 20,000 ಚದರ ಕಿಲೋಮೀಟರಿಗೂ ದೊಡ್ಡದು. ಐಷಾರಾಮಿ ಹಡಗುಗಳು ಹೆಚ್ಚಾಗಿ ಓಡುವುದು ಆ ಭಾಗದಲ್ಲೇ.

ಇನ್ನು ದಿಕ್ಕು. ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಹೊಳೆಯ ಎದುರಿಗೆ ಹೋಗುವ ದೋಣಿ ಸೆಳವು ತಪ್ಪಿಸಿಕೊಳ್ಳಲು ದಡಕ್ಕೆ ಒತ್ತಿಕೊಂಡು ಹೋಗುತ್ತದೆ. ಇಳಿದು ಬರುವ ದೋಣಿ ಸೆಳವಿನ ಲಾಭ ಪಡೆಯಲು ನಡುಹೊಳೆ ಹಿಡಿಯುತ್ತದೆ. ಹೊಳೆ ಹಲವು ಕಿಲೋಮೀಟರ್ ಅಗಲ ಇರುವಲ್ಲಿ ನಡುವಿನಿಂದ ಕಾಡು ಅಂದರೆ ದೂರದ ಒಂದು ಹಸಿರು ಗೆರೆ, ಅಷ್ಟೇ. ಮನೌಸ್‌ನಿಂದ ಕಡಲ ಕಡೆಯ ಬೆಲೆಮ್ ನಗರಕ್ಕೆ ನಾಲ್ಕು ದಿನ ಇಳಿದು ಬಂದು ‘ಏನೂ ಕಾಣಲಿಲ್ಲ’ ಎಂದು ಬೇಸರಪಡುವವರಿಗೆ ಕಾರಣ ಇದೇ. ಆ ದಾರಿಯಲ್ಲಿ ಕಾಡು ಹತ್ತಿರ ಬರುವುದು ಕೊನೆಯ ಭಾಗದಲ್ಲಿ, ಬ್ರೆವೆಸ್ ಊರಿನ ಸುತ್ತಲಿನ ಇಕ್ಕಟ್ಟು ಕಾಲುವೆಗಳಲ್ಲಿ. ಅಲ್ಲಿ ದಡದ ಮನೆಗಳ ಮಕ್ಕಳು ಪುಟ್ಟ ದೋಣಿ ಹುಟ್ಟುಹಾಕುತ್ತ ಹಡಗಿನ ಹತ್ತಿರಕ್ಕೇ ಬರುತ್ತಾರೆ. ಪ್ರಯಾಣಿಕರು ಬಟ್ಟೆ, ತಿಂಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ನೀರಿಗೆಸೆಯುತ್ತಾರೆ. ಕೆಲವು ಹುಡುಗರು ಓಡುವ ಹಡಗಿಗೇ ಕೊಕ್ಕೆ ಹಾಕಿ ಹತ್ತಿ ಸಿಗಡಿ, ಅಸಾಯಿ ಹಣ್ಣು ಮಾರುತ್ತಾರೆ. ಮನೌಸ್‌ನಿಂದ ಬ್ರೆಜಿಲ್ ಗಡಿಯ ತಬಚಿಂಗ ಊರಿಗೆ ಏರುವ ದೋಣಿಗೆ ಆರೇಳು ದಿನ ಬೇಕು, ಬೇಸರವೂ ಆಗುತ್ತದೆ, ಆದರೆ ಕಾಡು ಪಕ್ಕದಲ್ಲೇ ಇರುತ್ತದೆ. ಅದೇ ದಾರಿಗೆ ವೇಗದ ಲಾಂಚುಗಳೂ ಇವೆ. ಬಸ್ಸಿನ ಹಾಗೆ ಸೀಟು, ಮುಚ್ಚಿದ ಗಾಜು. ಊರು ಸೇರಬೇಕಾದವರಿಗೆ ಅವು ಸರಿ.

ಇದೆಲ್ಲದರ ಮೇಲೂ ದೊಡ್ಡ ಹಡಗಿನಿಂದ ಕಾಡುಪ್ರಾಣಿ ಕಾಣುವುದು ಅಪರೂಪ. ಹಡಗು ಮಲಗಲು, ಉಣ್ಣಲು. ನೋಡುವುದು ಸಣ್ಣ ದೋಣಿಯಿಂದ. ಟಿಕೆಟ್ ಕೊಳ್ಳುವ ಮುಂಚೆ ಇದನ್ನು ಕೇಳಿ: ದಿನಕ್ಕೆ ಎಷ್ಟು ಗಂಟೆ ಸಣ್ಣ ದೋಣಿಯಲ್ಲಿ, ಒಂದು ದೋಣಿಗೆ ಎಷ್ಟು ಜನ, ಇಂಜಿನ್ ನಿಲ್ಲಿಸಿ ಹುಟ್ಟುಹಾಕುತ್ತಾರಾ. ಒಳ್ಳೆಯ ಹೊತ್ತು ಬೆಳಿಗ್ಗೆ ಐದೂವರೆಯಿಂದ ಎಂಟು, ಸಂಜೆ ನಾಲ್ಕರ ನಂತರ. ನಡುಹಗಲಿನ ಸುತ್ತಾಟ ದಂಡ. ದುರ್ಬೀನು 8 ಪಟ್ಟಿನದು ಸಾಕು, 12 ಪಟ್ಟಿನದನ್ನು ಅಲುಗುವ ದೋಣಿಯಲ್ಲಿ ನೆಟ್ಟಗೆ ಹಿಡಿಯಲಾಗುವುದಿಲ್ಲ. ಎಸಿ ಕೋಣೆಯಿಂದ ಹೊರತಂದ ಲೆನ್ಸ್ ಮೇಲೆ ಮಂಜು ಕೂರುತ್ತದೆ, ಅರ್ಧ ಗಂಟೆ ಚೀಲದಲ್ಲೇ ಬಿಟ್ಟು ಆಮೇಲೆ ತೆಗೆಯಿರಿ. ಮುಳುಗಿದ ಕಾಡಿನಲ್ಲಿ ಕೊಂಬೆ ಹಿಡಿಯಬೇಡಿ. ನೆಲವಿಲ್ಲದ ಇರುವೆಗಳೆಲ್ಲ ಕೊಂಬೆ ಹತ್ತಿರುತ್ತವೆ. ಡಾಲ್ಫಿನ್‌ಗೆ ಮೀನು ತಿನ್ನಿಸಿ ಜೊತೆಗೆ ಈಜಿಸುತ್ತೇವೆ, ಸ್ಲಾತ್ ಎತ್ತಿಕೊಂಡು ಫೋಟೊ ತೆಗೆಸುತ್ತೇವೆ ಅನ್ನುವವರನ್ನು ಬಿಟ್ಟುಬಿಡಿ.

ಐಷಾರಾಮಿ ಹಡಗು ಬೇಡ, ಅಲ್ಲಿನ ಜನ ಓಡಾಡುವ ದೋಣಿಯೇ ಸಾಕು ಅನ್ನುವವರಿಗೆ ಜೋಲಿಯ ಶಾಸ್ತ್ರ ಗೊತ್ತಿರಬೇಕು. ಈ ದೋಣಿಗಳಲ್ಲಿ ಮಂಚವಿಲ್ಲ. ಜೋಲಿ ನೀವೇ ಕೊಂಡು ತರಬೇಕು, ಮನೌಸ್ ಬಂದರಿನ ಸುತ್ತಲೇ ಸಿಗುತ್ತದೆ. ಬಲೆಯದು ಬೇಡ, ಹತ್ತಿಯ ಬಟ್ಟೆಯದನ್ನೇ ಕೊಳ್ಳಿ, ಜೊತೆಗೆ ಎರಡೆರಡು ಮೀಟರಿನ ಎರಡು ಹಗ್ಗ. ಹೊರಡುವ ನಾಲ್ಕೈದು ಗಂಟೆ ಮೊದಲೇ ಹತ್ತಿ ಜಾಗ ಹಿಡಿಯಿರಿ. ಹಿಂಬದಿಯಲ್ಲಿ ಇಂಜಿನ್ನಿನ ಸದ್ದು, ಕಕ್ಕಸಿನ ವಾಸನೆ. ಮೇಲಿನ ಅಟ್ಟದಲ್ಲಿ ನಡುರಾತ್ರಿಯವರೆಗೆ ಹಾಡು. ಅಂಚಿನ ಸಾಲಿಗೆ ಮಳೆಯ ಎರಚಲು. ನಡು ಅಟ್ಟ, ಮುಂದಿನ ಅರ್ಧ, ಒಳಗಿನ ಸಾಲು ಆದರೆ ಒಳ್ಳೆಯದು. ತಲೆಯ ಮೇಲೆ ರಾತ್ರಿಯಿಡೀ ಉರಿಯುವ ದೀಪ ಇದೆಯೇ ನೋಡಿಕೊಳ್ಳಿ. ಕಟ್ಟುವಾಗ ಹೊಸಬರು ಮಾಡುವ ತಪ್ಪು, ಬಿಗಿಯಾಗಿ ಎಳೆದು ಕಟ್ಟುವುದು. ಬಿಗಿದಷ್ಟೂ ಬಟ್ಟೆ ಎರಡೂ ಬದಿಯಿಂದ ಭುಜವನ್ನು ಅವುಚುತ್ತದೆ, ಬೆನ್ನು ಬಾಳೆಕಾಯಿಯಂತೆ ಬಾಗುತ್ತದೆ. ಸಡಿಲವಾಗಿ ಜೋತುಬೀಳುವಂತೆ ಕಟ್ಟಿ, ತಲೆ ಒಂದು ಮೂಲೆಗೆ ಕಾಲು ಎದುರು ಮೂಲೆಗೆ ಬರುವಂತೆ ಓರೆಯಾಗಿ ಮಲಗಿ. ಬಟ್ಟೆ ಹರಡಿಕೊಂಡು ಬೆನ್ನು ಸಮನಾಗುತ್ತದೆ. ಒಂದು ವಾರ ಮಲಗಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ರಾತ್ರಿ ಹೊಳೆಯ ಗಾಳಿ ಕೊರೆಯುತ್ತದೆ, ತೆಳು ಕಂಬಳಿ ಇರಲಿ.

ಊಟಕ್ಕೆ ಅನ್ನ, ಹುರುಳಿಯಂಥ ಕಾಳಿನ ಸಾರು, ಕೋಳಿ, ಮರಗೆಣಸಿನ ತರಿ. ರಾತ್ರಿಯೂಟ ಸಂಜೆ ಐದಾರಕ್ಕೇ ಮುಗಿಯುತ್ತದೆ. ಸಸ್ಯಾಹಾರಿಗಳು ಗಮನಿಸಿ, ಕಾಳಿನ ಸಾರಿಗೂ ಎಷ್ಟೋ ಸಲ ಮಾಂಸದ ತುಂಡು ಹಾಕಿರುತ್ತಾರೆ. ನಲ್ಲಿಯಲ್ಲಿ ಬರುವುದು ಹೊಳೆಯ ನೀರೇ, ಬಾಯಿ ಮುಕ್ಕಳಿಸಲೂ ಬಾಟಲಿ ನೀರೇ ಇರಲಿ.

ಅಪಾಯದ ಮಾತು ಬಂದರೆ ಎಲ್ಲರೂ ಪಿರಾನ್ಹಾ, ಅನಕೊಂಡ ಅನ್ನುತ್ತಾರೆ. ದೋಣಿಯವರು ಹೆದರುವುದು ತೇಲಿಬರುವ ಮರದ ದಿಮ್ಮಿಗೆ. ದಡ ಕುಸಿದಾಗ ಮರಗಳು ಬುಡ ಸಮೇತ ನೀರಿಗೆ ಬರುತ್ತವೆ. ರಾತ್ರಿ ಮುಂಬದಿಯ ದೊಡ್ಡ ದೀಪ ಆಗಾಗ ಉರಿದು ಆರುವುದು ಅದನ್ನು ಹುಡುಕಲು. ಟಿಕೆಟ್ಟಿನ ಜೊತೆ ನೋಡಬೇಕಾದದ್ದು ದೋಣಿಯ ಮೇಲೆ ಬರೆದಿರುವ ಪ್ರಯಾಣಿಕರ ಮಿತಿ, ಜೀವರಕ್ಷಕ ಜಾಕೆಟ್ಟುಗಳು ಇರುವ ಜಾಗ.

ಇನ್ನೊಂದು ಅಪಾಯವನ್ನು ನಮ್ಮ ಹೆಣ್ಣುಮಕ್ಕಳಿಗೆ ಒತ್ತಿ ಹೇಳಬೇಕು. ಹಳ್ಳಿಗಳ ಸಣ್ಣ ಮೋಟಾರು ದೋಣಿಗಳಲ್ಲಿ ಇಂಜಿನ್ ನಡುವೆ ಇರುತ್ತದೆ, ಅಲ್ಲಿಂದ ಹಿಂದೆ ನೀರು ತಳ್ಳುವ ರೆಕ್ಕೆಯವರೆಗೆ (ಪ್ರೊಪೆಲ್ಲರ್) ಒಂದು ಕಬ್ಬಿಣದ ಸರಳು ದೋಣಿಯ ತಳದಲ್ಲಿ ತಿರುಗುತ್ತಿರುತ್ತದೆ. ಅದಕ್ಕೆ ಮುಚ್ಚಿಗೆ ಇಲ್ಲದಿದ್ದರೆ, ಬಗ್ಗಿ ನೀರು ಮೊಗೆಯುವಾಗಲೋ ಬಿದ್ದ ವಸ್ತು ಎತ್ತುವಾಗಲೋ ಜಡೆ ಸಿಕ್ಕಿಕೊಂಡರೆ ನೆತ್ತಿಯ ಚರ್ಮವೇ ಕಿತ್ತು ಬರುತ್ತದೆ. ಪಾರಾ, ಅಮಪಾ ರಾಜ್ಯಗಳಲ್ಲಿ ಎಷ್ಟೋ ಹುಡುಗಿಯರಿಗೆ ಹೀಗಾಗಿದೆ. 2009ರಲ್ಲಿ ಬ್ರೆಜಿಲ್ ಸರಳಿಗೆ ಮುಚ್ಚಿಗೆ ಕಡ್ಡಾಯ ಮಾಡಿ ಕಾನೂನು ತಂದಿತು. ಆದರೂ ದೋಣಿ ಹತ್ತುವ ಮುಂಚೆ ತಳದ ಹಲಗೆ ನೋಡಿ. ಜಡೆಯನ್ನು ತುರುಬು ಕಟ್ಟಿ ಟೋಪಿಯೊಳಗೆ ಸೇರಿಸಿ. ಸೆರಗು, ದುಪಟ್ಟಾ ಅಲ್ಲಿ ಬೇಡ.

ಕೊನೆಯದು ಹಳದಿ ಜ್ವರದ ಲಸಿಕೆ. ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಬೇಕು, ಅದಕ್ಕೆಂದು ಅಧಿಕೃತವಾಗಿ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನಲ್ಲೂ ಇವೆ. 60 ದಾಟಿದವರು, ಮೊಟ್ಟೆ ಒಗ್ಗದವರು ಮೊದಲು ವೈದ್ಯರನ್ನು ಕೇಳಿ. ಮಲೇರಿಯಾ ಮಾತ್ರೆಯ ವಿಚಾರವನ್ನೂ ಅದೇ ಸಲ ಕೇಳಿಬಿಡಿ. ಲಸಿಕೆಗೆ ಕೊಡುವ ಹಳದಿ ಪುಸ್ತಿಕೆ ಬ್ರೆಜಿಲ್‌ಗಿಂತ ಹೆಚ್ಚು ಬೇಕಾಗುವುದು ವಾಪಸು ಬರುವಾಗ. ನಮ್ಮಲ್ಲಿ ಆ ರೋಗ ಇಲ್ಲ, ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಮಾತ್ರ ಊರೂರಲ್ಲೂ ಇದೆ. ಹಾಗಾಗಿ ಆ ರೋಗ ಇರುವ ದೇಶಗಳಿಂದ ಪುಸ್ತಿಕೆ ಇಲ್ಲದೆ ಬಂದಿಳಿದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪುಸ್ತಿಕೆಯನ್ನು ಪಾಸ್‌ಪೋರ್ಟಿಗೇ ರಬ್ಬರ್‌ಬ್ಯಾಂಡ್ ಹಾಕಿ ಇಟ್ಟುಕೊಳ್ಳಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಪೆಟ್ಟಿಗೆ ಕೈಗೆ ಸಿಗುವುದು ತಪಾಸಣೆಯ ಮೇಜು ದಾಟಿದ ಮೇಲೆ.